ನಕಾರ ಕಾಣೆಯಾದ ಪಂದ್ಯ

ಯಾರ್ಕ್‌ಶೈರಿನ ಒಂದು ಕಣಿವೆ. ಭಾನುವಾರ. ಊರ ಕ್ರಿಕೆಟ್ಟು.
ಕಲ್ಲುಗೋಡೆಯಾಚೆ ಕುರಿಗಳು
ಮೈದಾನಕ್ಕೆ ಬೆನ್ನು ಹಾಕಿ ಮೇಯುತ್ತಿವೆ.
ಸ್ಕೋರು ಅವಕ್ಕೂ ಗೊತ್ತಿರಬೇಕು.

ಬೆಥನಿ ಎಸೆದ ಚೆಂಡು ಡಿನ್ಸ್‌ಡೇಲನ ಮೊಣಕಾಲಿಗೆ ಬಡಿದು
ಹನ್ನೊಂದು ಬಾಯಿ ಒಟ್ಟಿಗೇ ತೆರೆದವು.
ಡಿನ್ಸ್‌ಡೇಲ್ ನಲವತ್ತೊಂಬತ್ತರಲ್ಲಿದ್ದ. ಕಸುಬು ಪ್ಲಂಬರ್,
ಊರಿನರ್ಧ ನಲ್ಲಿಗಳ ಗುಟ್ಟು ಅವನ ಕೈಯಲ್ಲಿ.
ಎಲ್ಲರೂ ಎನೋಕ್ ಮೆಟ್‌ಕಾಫನ ಕಡೆ ತಿರುಗಿದರು:
ಬಿಳಿ ಕೋಟು, ಎಸೆತ ಎಣಿಸಲು ಜೇಬಿನಲ್ಲಿ ಆರು ಬೆಣಚುಕಲ್ಲು,
ಅಂಪೈರ್.
ತುಟಿ ಬಿಚ್ಚಿದ. ಏನೂ ಬರಲಿಲ್ಲ.

‘ಬಂದೀತು ಹೇಗೆ?’ ಎಂದಳು ಮಾವಿಸ್ ಥ್ವೇಟ್ ಚಹಾದ ಮೇಜಿನಿಂದ,
ಮೂವತ್ತು ವರ್ಷ ಲ್ಯಾಟಿನ್ ಕಲಿಸಿ
ಈಗ ಸೌತೆಕಾಯಿ ಸ್ಯಾಂಡ್‌ವಿಚ್ ಕತ್ತರಿಸುವವಳು.
‘ಅವನ ನಕಾರ ಕಳೆದು ಆರುನೂರು ವರ್ಷವಾಯ್ತು.’

ಆಗ ಅವನು ನೌಂಪೆರ್. ಫ್ರಾನ್ಸಿನಿಂದ ಬಂದ ಮಾತು:
ಇಬ್ಬರ ಜಗಳಕ್ಕೆ ಸಮನಲ್ಲದ ಮೂರನೆಯವ,
ಜೋಡಿ ಸಿಗದ ಬೆಸ.
ಆ ‘ಅಲ್ಲ’ವೇ ಅವನ ಮೊದಲಕ್ಷರ.
‘ಎ ನೌಂಪೆರ್’ ಎನ್ನಬೇಕಾದ ಅವಸರದ ಬಾಯಿಗಳು
‘ಆ್ಯನ್ ಔಂಪೆರ್’ ಎಂದವು. ‘ಎ’ ಎಂಬ ಒಂಟಿ ಮುದುಕಿ
ಪಕ್ಕದ ಮನೆಯ ನಕಾರವನ್ನು ಸದ್ದಿಲ್ಲದೆ ಹೊಡೆದುಕೊಂಡು ಬಂದು
ತನ್ನ ಹಿತ್ತಿಲಲ್ಲಿ ಕಟ್ಟಿಹಾಕಿದಳು, ಕರುವಿನಂತೆ.

ನಮ್ಮಲ್ಲಾದರೆ ಮೇಷ್ಟ್ರು ಬೆತ್ತ ಕುಟ್ಟಿ
‘ಬಿಡಿಸಿ ಬರೆಯಿರಿ’ ಎನ್ನುತ್ತಿದ್ದರು. ಲೋಪ, ಆಗಮ, ಎರಡು ಅಂಕ.
ಅಲ್ಲಿ ಬಿಡಿಸಿದವರೇ ತಪ್ಪಾಗಿ ಬಿಡಿಸಿದರು,
ಅಂಕ ಕಳೆಯಲು ಯಾರೂ ಇರಲಿಲ್ಲ.

ಮಾವಿಸ್ ತನ್ನ ಏಪ್ರನ್ನಿಗೆ ಕೈ ಒರೆಸಿದಳು.
ಅದೂ ಹಿಂದೆ ನೇಪ್ರನ್. ತಮ್ಮ ನ್ಯಾಪ್ಕಿನ್
ತನ್ನ ಪಾಲನ್ನು ಮಡಿಸಿ ಭದ್ರವಾಗಿಟ್ಟುಕೊಂಡ,
ಅಕ್ಕ ಅಡುಗೆಮನೆಯ ಗಡಿಬಿಡಿಯಲ್ಲಿ ಕಳೆದುಕೊಂಡಳು.
ಗೋಡೆಯ ಸಂದಿಯಲ್ಲಿ ಬಿಸಿಲು ಕಾಯುವ ಆಡರ್ ಹಾವು
ನಾಡರ್ ಆಗಿತ್ತು; ಪೊರೆ ಬಿಟ್ಟಂತೆ ನಕಾರ ಬಿಟ್ಟಿತು,
ಸಂದಿಯಲ್ಲಲ್ಲ, ಸಂಧಿಯಲ್ಲಿ.
(ನಮ್ಮ ನಾಗರಕ್ಕೆ ನಂಟೆಂದು ಹಿಗ್ಗಬೇಡಿ,
ಬುಸುಗುಟ್ಟುವುದಷ್ಟೇ ಒಂದೇ ರಾಗ.)
ತಟ್ಟೆಯ ಆರೆಂಜ್ ಹೋಳು ಮಾತ್ರ ಇಲ್ಲಿಗೆ ಬರುವ ಮೊದಲೇ
ದಾರಿಯಲ್ಲೆಲ್ಲೋ ಜೇಬುಗಳ್ಳರ ಕೈಗೆ ಸಿಕ್ಕಿದ್ದು.
ನಮ್ಮಲ್ಲಿ ಅದಿನ್ನೂ ನಾರಂಗಿ, ಮೈತುಂಬ ನಾರು, ತಲೆಗೊಂದು ನ.

‘ಹಾಗಾದರೆ ಕದ್ದ ಮಾಲೆಲ್ಲಿ?’ ಡಿನ್ಸ್‌ಡೇಲ್ ಕೂಗಿದ,
ಇನ್ನೂ ಮೊಣಕಾಲು ಉಜ್ಜುತ್ತ.
ಆಗ ಬಂದ ಟೋಬಿ, ಏಳು ವರ್ಷ, ಮೂಗಿನ ಮೇಲೆ ಕೆಸರು,
ಜಾಮ್ ಬಾಟಲಿಯಲ್ಲಿ ಕೊಳದ ನೀರು, ನೀರಲ್ಲಿ ಒಂದು ನ್ಯೂಟ್.
ನಾಲ್ಕು ಕಾಲು, ಒಂದು ಬಾಲ, ಮುಂದೆ ಒಂದು ಹೆಚ್ಚುವರಿ ನಕಾರ.
ಅದರಜ್ಜ ಬರೀ ಯೂಟ್! ‘ಆ್ಯನ್ ಯೂಟ್’ ಎನ್ನುವಾಗ
ತೊದಲಿದ ಊರು ಅದರ ಮಡಿಲಿಗೆ ಒಂದಕ್ಷರ ಹಾಕಿತ್ತು.
ಒಬ್ಬರ ಲೋಪ, ಇನ್ನೊಬ್ಬರ ಆಗಮ.

ಟೋಬಿ ಬಾಟಲಿ ಹಿಡಿದು ಪಿಚ್ಚಿನವರೆಗೂ ನಡೆದ.
ಎನೋಕ್ ಬಗ್ಗಿ ಒಳಗೆ ನೋಡಿದ. ಅದು ಮೇಲೆ ನೋಡಿತು.
ಇಬ್ಬರಲ್ಲಿ ಏನು ಮಾತಾಯಿತೋ ತಿಳಿಯದು.
ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿ,
ಆರುನೂರು ವರ್ಷದ ಸಾಲ ಒಂದೇ ಉಸಿರಲ್ಲಿ:
‘ನಾಟ್ ಔಟ್.’

ಬಾಟಲಿಯಲ್ಲೀಗ ಒಂದು ಯೂಟ್ ಈಜುತ್ತಿತ್ತು,
ಕೊಂಚ ಹಗುರಾಗಿ.

ಮುಂದಿನ ಎಸೆತಕ್ಕೆ ಡಿನ್ಸ್‌ಡೇಲನ ನಡುಗೂಟ ಹಾರಿತು.
ಅಂಪೈರನನ್ನು ಯಾರೂ ಕೇಳಲಿಲ್ಲ.

ಸಂಜೆ, ಮೇಜು ಮಡಚುವ ಹೊತ್ತಿಗೆ,
ಟೋಬಿ ಕೋಟಿನ ತುದಿ ಎಳೆದ:
ನಮ್ಮದನ್ನು ನಮಗೆ ವಾಪಸು ಕೊಡ್ತೀರಾ?
ಎನೋಕ್ ಆರು ಕಲ್ಲೂ ಎಣಿಸಿದ, ಆಕಾಶ ನೋಡಿದ,
ಇಲ್ಲ ಅಂದ.
ರುಚಿ ಹತ್ತಿಬಿಟ್ಟಿತ್ತು.